ಓಡಿತು ಎಂದರೆ ಸರಿಹೋಯಿತೆ?

ವಿಂಡೋಸ್‌ನಲ್ಲಿ ಪೈಥಾನ್‌ನ ನಂಪೈ, ಪೈಟಾರ್ಚ್ ಲೈಬ್ರರಿಗಳೆರಡನ್ನೂ ಒಂದೇ ಪ್ರೋಗ್ರಾಂಗೆ ಇಂಪೋರ್ಟ್ ಮಾಡಿದ ಹಲವರು ಓಪನ್‌ಎಂಪಿಯ ‘ಎರರ್ 15’ ಕಂಡಿರುತ್ತಾರೆ. ಲಿಬ್‌ಐಒಎಂಪಿ5ಎಂಡಿ ಎಂಬ ಡಿಎಲ್ಎಲ್ ಆಗಲೇ ಬಂದು ಕೂತಿದೆ, ಇನ್ನೊಂದು ಪ್ರತಿ ಬೇಡ ಎಂದು ಪ್ರೋಗ್ರಾಂ ಅಲ್ಲಿಗೇ ನಿಲ್ಲುತ್ತದೆ. ಇದಕ್ಕೆ ಬಾಯಿಂದ ಬಾಯಿಗೆ ಹಬ್ಬಿರುವ ಮದ್ದು ಒಂದೇ ಸಾಲಿನದು: ‘ಕೆಎಂಪಿ_ಡೂಪ್ಲಿಕೇಟ್_ಲಿಬ್_ಓಕೆ’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ‘ಟ್ರೂ’ ಕೊಡುವುದು. ಕೊಟ್ಟೊಡನೆ ಪ್ರೋಗ್ರಾಂ ಓಡುತ್ತದೆ. ನನಗೆ ಭಯವಾಗುವುದೇ ಆಗ.

ಆ ಎರರ್ ಸಂದೇಶವನ್ನು ಕೊನೆವರೆಗೆ ಓದಿದವರು ಕಡಿಮೆ ಇರಬೇಕು. ಅಷ್ಟು ಪ್ರಾಮಾಣಿಕವಾದ ಸಂದೇಶ ಅಪರೂಪ. ಕಾರಣ ಹೇಳುತ್ತದೆ, ರನ್‌ಟೈಮ್ ಒಂದೇ ಇರಲಿ ಎನ್ನುತ್ತದೆ, ಈ ವೇರಿಯಬಲ್ ಸುರಕ್ಷಿತವಲ್ಲ, ಸದ್ದಿಲ್ಲದೆ ತಪ್ಪು ಉತ್ತರ ಬರಬಹುದು ಎಂದೂ ಎಚ್ಚರಿಸುತ್ತದೆ. ಅದರ ಕೊರತೆ ಒಂದೇ: ಸರಿದಾರಿಯನ್ನು ಬಾಯಿಮಾತಿನಲ್ಲಿ ಹೇಳಿ, ಅಡ್ಡದಾರಿಗೆ ಮಾತ್ರ ಹಾಗೇ ಕಾಪಿ ಮಾಡಿಕೊಳ್ಳುವಂಥ ಸಾಲು ಕೊಟ್ಟಿದೆ.

ಲೂಪಿನ ಕೆಲಸವನ್ನು ಥ್ರೆಡ್‌ಗಳಿಗೆ ಹಂಚುವುದು ಓಪನ್‌ಎಂಪಿ ರನ್‌ಟೈಮ್. ಯಾವ ಥ್ರೆಡ್ ಎಲ್ಲಿದೆ, ಯಾವ ಲಾಕ್ ಯಾರ ಕೈಲಿದೆ ಎಂಬ ಲೆಕ್ಕವೆಲ್ಲ ಅದರ ಬಳಿಯೇ. ಕಾಂಡಾದಿಂದ ಹಾಕಿಕೊಂಡ ನಂಪೈ, ಎಂಕೆಎಲ್ ಎಂಬ ಇಂಟೆಲ್‌ನ ಗಣಿತ ಲೈಬ್ರರಿಯ ಜೊತೆಗೆ ಈ ರನ್‌ಟೈಮ್‌ನ ಒಂದು ಪ್ರತಿ ತಂದಿರಬಹುದು, ಪಿಪ್‌ನಿಂದ ಹಾಕಿಕೊಂಡ ಪೈಟಾರ್ಚ್ ತನ್ನದೇ ಇನ್ನೊಂದನ್ನು ತಂದಿರುತ್ತದೆ. 8 ಕೋರ್‌ಗಳಿಗೆ ಎರಡೂ ಎಂಟೆಂಟು ಥ್ರೆಡ್ ಎಬ್ಬಿಸಿದರೆ ಕೆಲಸ ನಿಧಾನವಾಗುತ್ತದೆ, ಅದನ್ನು ಸಹಿಸಬಹುದು. ಆದರೆ ಒಂದು ಪ್ರತಿ ಹಾಕಿದ ಲಾಕ್ ಇನ್ನೊಂದಕ್ಕೆ ಗೊತ್ತೇ ಆಗದು. ಆ ತಪ್ಪು ತೆರೆಯ ಮೇಲೆ ಕಾಣದೆ, ಉತ್ತರದ ಅಂಕಿಗಳೊಳಗೆ ಸೇರಿಕೊಂಡುಬಿಡಬಹುದು.

ಎಲ್ಲ ಒಂದು ಸಾಲಿನ ಮದ್ದೂ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಎಆರ್‌ಎಂ ಬೋರ್ಡ್‌ಗಳ ಲಿನಕ್ಸ್‌ನಲ್ಲಿ ಲಿಬ್‌ಗೋಂಪ್ ಎಂಬ ಇನ್ನೊಂದು ಓಪನ್‌ಎಂಪಿ ರನ್‌ಟೈಮ್ ತಡವಾಗಿ ಲೋಡ್ ಆದರೆ, ಥ್ರೆಡ್‌ಗಳ ಸ್ವಂತ ಡೇಟಾಕ್ಕೆ ಮೀಸಲಾದ ‘ಸ್ಟ್ಯಾಟಿಕ್ ಟಿಎಲ್ಎಸ್’ ಜಾಗ ಸಾಲದೆ ಎರರ್ ಬರಬಹುದು. ‘ಎಲ್‌ಡಿ_ಪ್ರೀಲೋಡ್’ ಕೊಟ್ಟು ಅದನ್ನು ಮೊದಲೇ ಲೋಡ್ ಮಾಡಿಸಿದರೆ ಹೋಗುತ್ತದೆ. ಅಲ್ಲಿ ರೋಗವೇ ಸರದಿಯದು, ಮದ್ದು ಸರದಿಯನ್ನೇ ಬದಲಿಸುತ್ತದೆ. ಕೆಎಂಪಿ ಸಾಲು ಮಾತ್ರ ಏನನ್ನೂ ಬದಲಿಸದೆ ತಪಾಸಣೆಯನ್ನಷ್ಟೇ ನಿಲ್ಲಿಸುತ್ತದೆ.

ಹಾಗಾದರೆ ಸರಿದಾರಿ ಯಾವುದು? ಥ್ರೆಡ್‌ಪೂಲ್‌ಸಿಟಿಎಲ್ ಎಂಬ ಪುಟ್ಟ ಪೈಥಾನ್ ಪ್ಯಾಕೇಜ್ ಇದೆ. ನಂಪೈಯನ್ನೊಮ್ಮೆ, ಪೈಟಾರ್ಚನ್ನೊಮ್ಮೆ ಬೇರೆ ಬೇರೆ ಲೋಡ್ ಮಾಡಿ ಕೇಳಿದರೆ, ಯಾವುದು ಯಾವ ರನ್‌ಟೈಮ್ ತಂದಿದೆ ಎಂದು ಫೈಲಿನ ಪಾತ್ ಸಮೇತ ಹೇಳುತ್ತದೆ. ಎರಡು ಪಾತ್ ಕಂಡರೆ ಹೊಸ ಎನ್ವಿರಾನ್‌ಮೆಂಟ್ ಮಾಡಿ, ಎಲ್ಲವನ್ನೂ ಒಂದೇ ಕಾಂಡಾ ಚಾನೆಲ್‌ನಿಂದ ಹಾಕಿಕೊಳ್ಳಬೇಕು. ಅರ್ಧ ದಿನ ಹಿಡಿದರೂ ಹಿಡಿಯಲಿ.