ಕಿರುತೆರೆಯ ಹಾಡು, ಸಂಜೆಯ ಹರಟೆ

ಗಂಗೂಬಾಯಿ ಹಾನಗಲ್ (1913–2009) ಬಾಳಿದ ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆಯ ದಂಡೆಗೆ ದಣಿವಾರಿಸಿಕೊಳ್ಳಲು ಬರುವ ಗೆಳೆಯರ ಹರಟೆಗೆ ಈಗ ಕಿರುತೆರೆಯ ಗಾಯನಸ್ಪರ್ಧೆಗಳೇ ವಸ್ತು. (ಉಳ್ಳಾಗಡ್ಡಿ ಬಿಟ್ಟ ಗಿರಮಿಟ್ಟಿನ ಬಗೆಗೆ ನಮ್ಮ ತಕರಾರಿಲ್ಲ.) ಹಾಡು ಹೇಗಿತ್ತೆಂಬುದಕ್ಕಿಂತ ಯಾರು ಹೊರಬಿದ್ದರೆಂಬುದೇ ಅಲ್ಲಿ ದೊಡ್ಡ ಮಾತು. ಅನರ್ಥದಂಡವ್ರತದ ಅತಿಚಾರಗಳಲ್ಲಿ ಮೌಖರ್ಯವನ್ನು, ಎಂದರೆ ಹುರುಳಿಲ್ಲದ ಬಹುಮಾತನ್ನು, ನಮ್ಮ ಹಿರಿಯರು ಸುಮ್ಮನೆ ಎಣಿಸಲಿಲ್ಲ.

ಆದರೆ ಹರಟೆಯ ಗುಣ ಕಾರ್ಯಕ್ರಮದ ಗುಣವನ್ನೂ ಅವಲಂಬಿಸಿದೆ. ಅಂದಿನ ಈಟಿವಿ ಕನ್ನಡದಲ್ಲಿ ಎಸ್. ಪಿ. ಬಾಲಸುಬ್ರಹ್ಮಣ್ಯಂ (1946–2020) ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’ವಿನಲ್ಲಿ ತಪ್ಪಿದ ಸಾಲನ್ನು ಅವರೇ ಹಾಡಿ ತಿದ್ದುತ್ತಿದ್ದರು, ನೋಡಿದವರು ಮರುದಿನ ಸ್ವರ, ಉಚ್ಚಾರಣೆಗಳ ಮಾತಾಡುತ್ತಿದ್ದರು. ಇತ್ತೀಚಿನ ಸ್ಪರ್ಧೆಗಳಲ್ಲಿ ಸೋತ ಮಗುವಿನ ಕಣ್ಣೀರಿನ ಮೇಲೆ ಕ್ಯಾಮೆರಾ ಬಹಳ ಹೊತ್ತು ನಿಲ್ಲುತ್ತದೆ. ಆ ಅಳುವೇ ಗೆಳೆಯರ ನಗೆಮಾತಿಗೆ ಸರಕು.