ಮುತ್ತಿಗೆಯ ನಕಾಶೆಯೂ ದಂಡಿನ ಪತ್ರವೂ

ಇತಿಹಾಸದ ಆಧಾರಗಳಲ್ಲಿ ಶಾಸನ, ಬಖರು, ಕೈಫಿಯತ್ತುಗಳಿಗೆ ಸಲ್ಲುವಷ್ಟು ವಿಮರ್ಶೆಯು ನಕಾಶೆಗೆ ಸಲ್ಲುತ್ತಿಲ್ಲ. ಶಾಸನದ ಪ್ರಶಸ್ತಿಭಾಗವನ್ನು ಎಚ್ಚರದಿಂದ ಓದುವ ವಿದ್ವಾಂಸರೇ ನಕಾಶೆಯನ್ನು ಕಂಡೊಡನೆ ಅದನ್ನು ನಿರ್ವಿವಾದವಾದ ಸಾಕ್ಷ್ಯವೆಂದು ಭಾವಿಸುವುದುಂಟು. ಅಳೆದು ಬರೆದುದರಲ್ಲಿ ಪಕ್ಷಪಾತಕ್ಕೆ ಎಡೆಯೆಲ್ಲಿ ಎಂಬುದು ಅವರ ತರ್ಕ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರಲ್ಲಿ, ಇಂಗ್ಲಿಷರ ವಶವಾದ ಬೆಂಗಳೂರು ಕೋಟೆಯ ನಕಾಶೆಯನ್ನು ಪರಿಶೀಲಿಸಿದರೆ ಈ ತರ್ಕವು ಎಷ್ಟರ ಮಟ್ಟಿಗೆ ನಿಲ್ಲುವುದೆಂಬುದು ತಿಳಿದೀತು.

ಕಾರ್ನ್‌ವಾಲಿಸನ ಸೈನ್ಯದೊಡನೆ ಸಂಚರಿಸಿದ ಚಿತ್ರಕಾರ ರಾಬರ್ಟ್ ಹೋಮನು ಮೈಸೂರು ಸೀಮೆಯ ದೃಶ್ಯಗಳನ್ನು 1794ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಲಗ್ಗೆಗಳನ್ನು ಗುರುತಿಸಿದ ಬೆಂಗಳೂರಿನ ನಕಾಶೆಯು ಅದರಲ್ಲಿ ಸೇರಿದೆ. ಅಂಡಾಕಾರದ ಕೋಟೆ, ಅದರ ಕೊತ್ತಲಗಳು, ಸುತ್ತಣ ಅಗಳು, ಉತ್ತರದ ದಿಲ್ಲಿ ಬಾಗಿಲು, ದಕ್ಷಿಣದ ಮೈಸೂರು ಬಾಗಿಲು, ಉತ್ತರಕ್ಕೆ ಹಬ್ಬಿದ ಪೇಟೆ, ಇವುಗಳ ಪರಸ್ಪರ ಸಂಬಂಧವು ಒಂದೇ ನೋಟಕ್ಕೆ ಮನಸ್ಸಿಗೆ ಬರುವುದು. ಹೈದರಾಲಿಯ ಕಾಲದಲ್ಲಿ ಕಲ್ಲಿನಿಂದ ಕಟ್ಟಲ್ಪಟ್ಟ ಈ ಕೋಟೆಯಲ್ಲಿ ಇಂದು ದಿಲ್ಲಿ ಬಾಗಿಲಿನ ಭಾಗವಷ್ಟೇ ಉಳಿದಿದೆ, ಅಗಳು ಮುಚ್ಚಿಹೋಗಿದೆ, ಉಳಿದ ನೆಲವನ್ನು ಮಾರುಕಟ್ಟೆ, ಆಸ್ಪತ್ರೆ, ಬೀದಿಗಳು ಆಕ್ರಮಿಸಿವೆ. ಆದುದರಿಂದ ಕೋಟೆಯ ಆಕಾರವನ್ನು ನಿರ್ಣಯಿಸುವಲ್ಲಿ ಈ ನಕಾಶೆಯ ಬೆಲೆ ದೊಡ್ಡದು. ಯಾವ ಲಿಖಿತ ವರ್ಣನೆಯೂ ಇದರ ಸ್ಥಾನವನ್ನು ತುಂಬಲಾರದು.

ಆದರೆ ಗೋಡೆ ಎಲ್ಲಿತ್ತೆಂಬುದು ಒಂದು ಪ್ರಶ್ನೆ. ಕೋಟೆ ಏಕೆ ಬಿದ್ದಿತೆಂಬುದು ಬೇರೊಂದು ಪ್ರಶ್ನೆ. ಇಂಗ್ಲಿಷರ ಸೈನ್ಯವು ಬೆಂಗಳೂರಿನ ಮುಂದೆ ಬಂದು ಇಳಿದದ್ದು ಮಾರ್ಚ್ 5ರಂದು. ಪೇಟೆ ವಶವಾದದ್ದು 7ರಂದು. ಕೋಟೆಗೆ ಲಗ್ಗೆಯಾದದ್ದು 21ರ ಬೆಳುದಿಂಗಳ ರಾತ್ರಿ. ಪೇಟೆಯನ್ನು ಮರಳಿ ಪಡೆಯಲು ಟೀಪುವಿನ ಸೈನ್ಯವು 7ರಂದೇ ಹೋರಾಡಿ ಬಹಳ ನಷ್ಟವನ್ನನುಭವಿಸಿತು. ಈ ಎರಡು ವಾರಗಳ ಏರಿಳಿತವೆಲ್ಲ ನಕಾಶೆಯಲ್ಲಿ ಏಕಕಾಲದ ಘಟನೆಯಂತೆ ಒಂದೇ ಹಾಳೆಯ ಮೇಲೆ ನಿಲ್ಲುವುದರಿಂದ, ಮೋರ್ಚೆಯಿಂದ ಕಂಡಿಗೆ, ಕಂಡಿಯಿಂದ ಜಯಕ್ಕೆ ನೇರವಾದ ದಾರಿಯಿದ್ದಿತೆಂಬ ಭ್ರಾಂತಿಯುಂಟಾಗುವುದು. ವಾಸ್ತವದಲ್ಲಿ ಕೋಟೆಯನ್ನು ಸುತ್ತಲೂ ಮುತ್ತುವಷ್ಟು ಬಲವು ಕಾರ್ನ್‌ವಾಲಿಸನಲ್ಲಿರಲಿಲ್ಲ. ಮೈಸೂರು ಬಾಗಿಲ ಕಡೆ ತೆರೆದೇ ಇದ್ದಿತು. ಹೊರಗೆ ಟೀಪುವು ಮುಖ್ಯ ಸೈನ್ಯದೊಡನೆ ಸಮೀಪದಲ್ಲಿಯೇ ಇದ್ದನು. ಮುತ್ತಿದವರು ತಾವೇ ಅರ್ಧ ಮುತ್ತಲ್ಪಟ್ಟಿದ್ದರು. ಇಂಗ್ಲಿಷರ ಕಂದಕಗಳ ಮೇಲೆ ಪಕ್ಕದಿಂದ ಗುಂಡು ಹಾರಿಸಲು ಟೀಪುವು ತೋಪುಗಳನ್ನು ಹೊಂದಿಸತೊಡಗಿದ್ದೇ ಅಂದಿನ ರಾತ್ರಿಯ ಲಗ್ಗೆಯನ್ನು ತ್ವರೆಗೊಳಿಸಿತು. ಹೀಗೆ ಕಾಲವನ್ನು ನಿರ್ಣಯಿಸಿದ ಕಾರಣವು ಕೋಟೆಯ ಹೊರಗಿನದು. ಕೋಟೆಯನ್ನೇ ಕೇಂದ್ರವಾಗಿಟ್ಟ ನಕಾಶೆಯಿಂದ ಅದನ್ನು ಊಹಿಸುವುದು ಕಷ್ಟ.

ವ್ಯಕ್ತಿಗಳ ವಿಷಯವೂ ಹಾಗೆಯೇ. ಪೇಟೆಯ ಕಾಳಗದಲ್ಲಿ ಮಡಿದ ತೋಪಖಾನೆಯ ಅಧಿಕಾರಿ ಮೂರ್‌ಹೌಸನ ಮರಣವನ್ನು ಹೋಮನೇ ದೊಡ್ಡ ಚಿತ್ರವಾಗಿ ಬರೆದನು. ಕೋಟೆಯನ್ನು ಕಾಯುತ್ತ ಮಡಿದ ಕಿಲ್ಲೇದಾರ ಬಹಾದೂರ್ ಖಾನನ ಶೌರ್ಯವನ್ನು ತಿಳಿಯಬೇಕಾದರೆ ವಿಲ್ಕ್ಸನ ಚರಿತ್ರೆಯನ್ನು ತೆರೆಯಬೇಕು. ಅವನ ಶವವನ್ನು ಕಳುಹಿಸಿಕೊಡಲು ಕಾರ್ನ್‌ವಾಲಿಸನು ಸಿದ್ಧನಾದಾಗ, ಬಿದ್ದ ಸ್ಥಳದಲ್ಲಿಯೇ ಸಮಾಧಿಯಾಗುವುದು ಯೋಧನಿಗೆ ತಕ್ಕುದೆಂಬ ಅರ್ಥದ ಉತ್ತರವು ಟೀಪುವಿನಿಂದ ಬಂದಿತು. ನಕಾಶೆಯಲ್ಲಿ ಕಂಡಿಗೆ ಗುರುತುಂಟು, ಕಂಡಿಯನ್ನು ಕಾದವನಿಗಿಲ್ಲ. ಇದು ನಕಾಶೆಯ ದೋಷವೆನ್ನುವುದಕ್ಕಿಂತ ಅದರ ಧರ್ಮವೆನ್ನಬೇಕು. ಆದರೆ ಓದುವವನು ಅದನ್ನು ಮರೆಯಬಾರದು.

ಅದೇ ಯುದ್ಧದ ಧಾರವಾಡದ ಮುತ್ತಿಗೆಯನ್ನು ಇದರೊಡನೆ ಹೋಲಿಸಿದರೆ ವಿಷಯವು ಇನ್ನಷ್ಟು ಸ್ಪಷ್ಟವಾಗುವುದು. ಮುಂದೆ ಜಮಖಂಡಿಯಲ್ಲಿ ಆಳಿದ ಪಟವರ್ಧನರ ಪೂರ್ವಜನಾದ ಪರಶುರಾಮ ಭಾವುವು 1790ರ ಸೆಪ್ಟೆಂಬರಿನಲ್ಲಿ ಧಾರವಾಡವನ್ನು ಮುತ್ತಿದನು. ಮುಂಬಯಿಯ ಇಂಗ್ಲಿಷ್ ತುಕಡಿಯೊಂದು ಅವನಿಗೆ ನೆರವಾಗಿದ್ದಿತು. ಬದ್ರುಜ್ಜಮಾನ್ ಖಾನನು ಆರು ತಿಂಗಳಿಗೂ ಮಿಕ್ಕಿ ಕೋಟೆಯನ್ನು ಕಾದು, 1791ರ ಏಪ್ರಿಲ್ ಮೊದಲಲ್ಲಿ ಒಪ್ಪಂದದ ಮೇರೆಗೆ ಬಿಟ್ಟುಕೊಟ್ಟನು. ಆ ತುಕಡಿಯಲ್ಲಿದ್ದ ಎಡ್ವರ್ಡ್ ಮೂರನು 1794ರಲ್ಲಿ ಪ್ರಕಟಿಸಿದ ವೃತ್ತಾಂತದಲ್ಲಿ ಮರಾಠರ ತೋಪುಗಳ ಮಂದಗತಿಯನ್ನು ಪರಿಹಾಸದಿಂದ ವರ್ಣಿಸಿರುವನು: ಒಂದು ಸಲ ಮದ್ದು ತುಂಬಿ, ಅರ್ಧ ಗಂಟೆ ಹರಟೆ ಹೊಡೆದು, ಬಳಿಕ ಹಾರಿಸುವರೆಂದು. ಈ ಚಿತ್ರವೇ ಅನೇಕ ಗ್ರಂಥಗಳಲ್ಲಿ ನೆಲೆಗೊಂಡಿದೆ. ಆದರೆ ಇಂಗ್ಲಿಷರು ತಮ್ಮದೇ ರೀತಿಯಲ್ಲಿ ಫೆಬ್ರವರಿಯಲ್ಲಿ ಮಾಡಿದ ಲಗ್ಗೆಯೂ ವಿಫಲವಾಯಿತೆಂಬುದನ್ನು ಇದರೊಡನೆಯೇ ನೆನೆಯಬೇಕು. ಮೀರಜದ ವಾಸುದೇವ ವಾಮನ ಖರೆಯವರು ಪಟವರ್ಧನರ ದಫ್ತರದಿಂದ ಆರಿಸಿ ‘ಐತಿಹಾಸಿಕ ಲೇಖ ಸಂಗ್ರಹ’ದಲ್ಲಿ ಅಚ್ಚುಹಾಕಿಸಿದ ಪತ್ರಗಳಿಗೆ ಇಲ್ಲಿ ವಿಶೇಷ ಮಹತ್ವವಿದೆ. ದಂಡಿನಿಂದ ಬರೆದ ಪತ್ರವು ಫಲವು ತಿಳಿಯುವ ಮೊದಲು ಬರೆದದ್ದು. ಲಗ್ಗೆಯ ನಕಾಶೆಯು ಫಲವು ಕೈಸೇರಿದ ಮೇಲೆ ಪೂರ್ತಿಯಾದದ್ದು. ಪತ್ರದಲ್ಲಿ ಅಳತೆ ಇಲ್ಲ, ಅನಿಶ್ಚಯವುಂಟು. ನಕಾಶೆಯಲ್ಲಿ ಅಳತೆಯುಂಟು, ಅನಿಶ್ಚಯವಿಲ್ಲ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಶಾಲೆಗಳಲ್ಲಿ ಪ್ರಾಂತದ ಚರಿತ್ರೆಯನ್ನು ಕಲಿಸುವ ಅಧ್ಯಾಪಕರಿಗೆ ಇದು ಕೇವಲ ತರ್ಕದ ಮಾತಲ್ಲ. ಮುದ್ರಿತ ನಕಾಶೆಯೊಂದನ್ನೇ ನಂಬಿದರೆ ಬೆಂಗಳೂರಿನ ಕಿಲ್ಲೇದಾರನು ಮರೆಯಾಗುವನು. ಮೂರನ ಪರಿಹಾಸವೊಂದನ್ನೇ ನಂಬಿದರೆ ಧಾರವಾಡದ ಮುತ್ತಿಗೆಯು ಬರಿಯ ಆಲಸ್ಯದ ಕಥೆಯಾಗುವುದು. ನಕಾಶೆಯನ್ನು ವಿಜಯಶಾಸನದಂತೆ ಓದುವುದು ಯುಕ್ತ: ಸೀಮೆ, ಅಳತೆಗಳಲ್ಲಿ ಅದನ್ನು ನಂಬಬೇಕು, ಜಯದ ಕಾರಣವನ್ನು ಹೇಳುವಲ್ಲಿ ಇತರ ಸಾಕ್ಷ್ಯಗಳೊಡನೆ ಒರೆಗೆ ಹಚ್ಚಬೇಕು, ಅದು ಯಾರ ಹೆಸರನ್ನು ಬಿಟ್ಟಿದೆಯೆಂಬುದನ್ನು ಪ್ರತಿ ಸಲವೂ ಕೇಳಬೇಕು.