ಆಟ ಮುಗಿಯಿತೆಂದು ಹೇಳುವವರು ಯಾರು?

ಜೂಜಿನ ಕತೆ ಓದುವಾಗ ಯಾರು ಗೆದ್ದರು ಎನ್ನುವುದಕ್ಕಿಂತ ಗಾಳಿ ಯಾವಾಗ ತಿರುಗಿತು ಎನ್ನುವುದು ನಮ್ಮನ್ನು ಹೆಚ್ಚು ಕಾಡುತ್ತದೆ. ಒಂದು ಗಳಿಗೆಯ ಹಿಂದೆ ಎಲ್ಲವೂ ಒಬ್ಬನ ಕೈಯಲ್ಲಿತ್ತು, ಈಗ ಇಲ್ಲ. ನಡುವೆ ಏನಾಯಿತು? ಈ ಪ್ರಶ್ನೆಯನ್ನು ತೀರಾ ಹತ್ತಿರದಿಂದ ನೋಡಿದ ಸಿನಿಮಾ ‘ದಿ ಹಸ್ಲರ್’. ವಾಲ್ಟರ್ ಟೆವಿಸ್ 1959ರಲ್ಲಿ ಪ್ರಕಟಿಸಿದ ತನ್ನ ಮೊದಲ ಕಾದಂಬರಿಯನ್ನು ರಾಬರ್ಟ್ ರಾಸನ್ 1961ರಲ್ಲಿ ಕಪ್ಪು ಬಿಳುಪಿನಲ್ಲಿ ತೆರೆಗೆ ತಂದ. ಟೆವಿಸ್ ಹೆಸರು ಕೇಳಿರದವರಿಗೂ ಅವನ ‘ದಿ ಕ್ವೀನ್ಸ್ ಗ್ಯಾಂಬಿಟ್’ 2020ರ ವೆಬ್ ಸರಣಿಯಿಂದಾಗಿ ಗೊತ್ತಿರುತ್ತದೆ. ಅಲ್ಲಿ ಚದುರಂಗ, ಇಲ್ಲಿ ಪೂಲ್. ಎರಡರಲ್ಲೂ ಎದುರಾಳಿಗಿಂತ ಮೊದಲು ತನ್ನನ್ನೇ ಸೋಲಿಸಿಕೊಳ್ಳಬಲ್ಲ ಪ್ರತಿಭಾವಂತರಿದ್ದಾರೆ.

ಕತೆ ಸರಳ. ಎಡ್ಡಿ ಫೆಲ್ಸನ್ (ಪಾಲ್ ನ್ಯೂಮನ್) ಊರೂರು ಅಲೆಯುವ ಪೂಲ್ ಆಟಗಾರ. ಹಸ್ಲರ್ ಎಂದರೆ ತನ್ನ ಕೈಚಳಕವನ್ನು ಬಚ್ಚಿಟ್ಟು, ಅಮಾಯಕನಂತೆ ಆಡಿ, ಎದುರಿನವನಿಂದ ದೊಡ್ಡ ಪಣ ಕಟ್ಟಿಸಿ ದುಡ್ಡು ಕೀಳುವವನು. ಆದರೆ ಎಡ್ಡಿಗೆ ಈ ಚಿಲ್ಲರೆ ಮೋಸ ಸಾಕಾಗಿದೆ. ದೇಶದಲ್ಲೇ ದೊಡ್ಡ ಆಟಗಾರನೆಂದು ಹೆಸರಾದ ಮಿನೆಸೋಟ ಫ್ಯಾಟ್ಸ್‌ನನ್ನು (ಜಾಕಿ ಗ್ಲೀಸನ್) ಎದುರೆದುರೇ ಸೋಲಿಸಬೇಕು. ಅದಕ್ಕಾಗಿ ಏಮ್ಸ್ ಎಂಬ ಪೂಲ್ ಹಾಲಿಗೆ ಬರುತ್ತಾನೆ. ಅಲ್ಲಿ ನಡೆಯುವ ಆಟ ಇಪ್ಪತ್ತೈದು ಗಂಟೆ ದಾಟುತ್ತದೆ.

ಅವರು ಆಡುವ ಬಗೆಯ ಹೆಸರು ಸ್ಟ್ರೇಟ್ ಪೂಲ್. ಅದರ ನಿಯಮ ಗೊತ್ತಿದ್ದರೆ ಚಿತ್ರದ ಅರ್ಧ ಒಳಗುಟ್ಟು ಗೊತ್ತಾದಂತೆ. ಹದಿನೈದು ಚೆಂಡುಗಳಲ್ಲಿ ಯಾವುದನ್ನು ಬೇಕಾದರೂ ಹೊಡೆಯಬಹುದು, ಆದರೆ ಯಾವ ಚೆಂಡು, ಯಾವ ಕಿಂಡಿ ಎಂದು ಮೊದಲೇ ಹೇಳಬೇಕು. ಬಿದ್ದ ಒಂದೊಂದು ಚೆಂಡಿಗೆ ಒಂದೊಂದು ಅಂಕ. ಒಂದೇ ಚೆಂಡು ಉಳಿದಾಗ ಮಿಕ್ಕ ಹದಿನಾಲ್ಕನ್ನು ಮತ್ತೆ ಜೋಡಿಸಿಡುತ್ತಾರೆ, ಆಟ ಮುಂದುವರಿಯುತ್ತದೆ. ತಪ್ಪುವವರೆಗೆ ಮೇಜು ಒಬ್ಬನದೇ. ಈ ಚಿತ್ರಕ್ಕೆ ತಾಂತ್ರಿಕ ಸಲಹೆಗಾರನಾಗಿದ್ದ ವಿಲ್ಲಿ ಮಸ್ಕೋನಿ 1954ರಲ್ಲಿ ಒಂದು ಪ್ರದರ್ಶನ ಪಂದ್ಯದಲ್ಲಿ ಒಂದೂ ತಪ್ಪದೆ ಸಾಲಾಗಿ 526 ಚೆಂಡುಗಳನ್ನು ಹಾಕಿದ್ದ. ಆ ಹೊತ್ತೆಲ್ಲ ಎದುರಾಳಿಗೆ ಇದ್ದ ಕೆಲಸ ಒಂದೇ, ಕುರ್ಚಿಯಲ್ಲಿ ಕೂರುವುದು.

ಇದು ಕ್ರಿಕೆಟ್ಟಿನಂತಲ್ಲ. ಅಲ್ಲಿ ಬ್ಯಾಟ್ಸ್‌ಮನ್ ಚಚ್ಚುತ್ತಿದ್ದರೆ ನಾಯಕ ಬೌಲರನ್ನು ಬದಲಿಸಬಹುದು, ಫೀಲ್ಡರನ್ನು ಸರಿಸಬಹುದು. ಕುಸ್ತಿಯಲ್ಲಿ ಅಡಿಗೆ ಬಿದ್ದವನೂ ಒಂದು ಪಟ್ಟು ಹಾಕಬಹುದು. ಸ್ಟ್ರೇಟ್ ಪೂಲಿನಲ್ಲಿ ಸೋಲುತ್ತಿರುವವನ ಕೈಯಲ್ಲಿ ಕೋಲಿದ್ದರೂ ಅದು ಊರಿಕೊಳ್ಳುವ ಕೋಲು ಅಷ್ಟೆ. ಹಾಗಾದರೆ ಆಟದ ಓಟವನ್ನು ತಿರುಗಿಸುವುದು ಹೇಗೆ? ಮೇಜಿನ ಮೇಲೆ ಸಾಧ್ಯವಿಲ್ಲದ್ದನ್ನು ಮೇಜಿನ ಹೊರಗೆ ಮಾಡಬೇಕು. ಎಡಿಟರ್ ಡೀಡೀ ಆಲನ್ ಆ ಕಾರಣಕ್ಕೇ ಹೊಡೆತಗಳ ನಡುವೆ ಮತ್ತೆ ಮತ್ತೆ ಕೂತವರ ಮುಖಕ್ಕೆ ಹೋಗುತ್ತಾರೆ ಅನ್ನಿಸುತ್ತದೆ. ನಿಜವಾದ ಆಟ ನಡೆಯುತ್ತಿರುವುದು ಅಲ್ಲಿ.

ಜೂಜಿನಲ್ಲಿ ಓಟ ತಿರುಗಿಸಲು ಒಂದು ಹಳೆಯ ಉಪಾಯವಿದೆ, ಪಣ ಏರಿಸುವುದು. ಆಟಕ್ಕೆ 200 ಡಾಲರಿನಿಂದ ಶುರುವಾದದ್ದು 1,000 ಆಗುತ್ತದೆ. ಅಂಕ ಅದೇ, ಚೆಂಡು ಅದೇ, ಆದರೆ ತೋಳಿನ ಭಾರ ಬೇರೆಯಾಗುತ್ತದೆ. ಇಲ್ಲಿ ಎಡ್ಡಿಗೆ ಆ ಭಾರ ತಾಗುವುದಿಲ್ಲ. ಅವನು ಗೆಲ್ಲುತ್ತಾ ಹೋಗುತ್ತಾನೆ, 18,000 ಡಾಲರಿಗೂ ಮೀರಿ. ಕುಡಿಯಲು ತರಿಸುವಾಗ ಅವನಿಗೆ ಬರ್ಬನ್ ಬಾಟಲಿ ಸಾಕು, ಐಸೂ ಬೇಡ, ಗ್ಲಾಸೂ ಬೇಡ. ಫ್ಯಾಟ್ಸ್‌ಗೆ ಎರಡೂ ಬೇಕು. ಒಬ್ಬನಿಗೆ ತಾನು ಎಷ್ಟು ಕುಡಿದೆ ಎಂಬ ಲೆಕ್ಕ ಸಿಗುತ್ತದೆ, ಇನ್ನೊಬ್ಬನಿಗೆ ಬಾಟಲಿ ಖಾಲಿಯಾದಾಗಲೇ ಗೊತ್ತಾಗುವುದು. ಗಾಳಿ ತಿರುಗುವ ಮುನ್ನವೇ ಚಿತ್ರ ನಮಗೆ ಅದರ ದಿಕ್ಕು ತೋರಿಸಿರುತ್ತದೆ.

ಜೊತೆಗಾರ ಚಾರ್ಲಿ ಸಾಕು, ಹೊರಡೋಣ ಎನ್ನುತ್ತಾನೆ. ಎಡ್ಡಿ ಒಪ್ಪುವುದಿಲ್ಲ. ಆಟ ಮುಗಿಯಿತೆಂದು ಫ್ಯಾಟ್ಸ್ ತಾನೇ ಹೇಳಬೇಕು, ಅಲ್ಲಿಯವರೆಗೆ ಮುಗಿದಂತಲ್ಲ ಎಂಬುದು ಅವನ ಹಟ. ಮೇಲ್ನೋಟಕ್ಕೆ ಇದು ಗೆದ್ದವನ ಜಂಬ. ಆದರೆ ಅವನು ಮಾಡಿದ್ದೇನು ನೋಡಿ. ಹಣವೆಲ್ಲ ತನ್ನ ಜೇಬಿನಲ್ಲಿರುವಾಗ ಆಟವನ್ನು ನಿಲ್ಲಿಸುವ ಅಧಿಕಾರವನ್ನು ಎದುರಾಳಿಯ ಕೈಗೆ ಕೊಟ್ಟುಬಿಟ್ಟ. ಅಲ್ಲಿಂದ ಮುಂದೆ ಎಡ್ಡಿ ಎಷ್ಟು ಗೆದ್ದರೂ ಅದು ಗೆಲುವಲ್ಲ, ಫ್ಯಾಟ್ಸ್ ಒಪ್ಪುವ ತನಕ ಬರೀ ಲೆಕ್ಕ. ನನ್ನ ಓದಿನಲ್ಲಿ ಆಟ ತಿರುಗುವುದು ಈ ಮಾತಿನಲ್ಲೇ. ಆಮೇಲೆ ತಪ್ಪುವ ಚೆಂಡುಗಳು ಈ ಮಾತಿನ ಬಡ್ಡಿ.

ಆಗ ಫ್ಯಾಟ್ಸ್ ಪಕ್ಕದಲ್ಲಿ ಕೂತ ಬರ್ಟ್ ಗಾರ್ಡನ್ (ಜಾರ್ಜ್ ಸಿ. ಸ್ಕಾಟ್) ಎಂಬ ದುಡ್ಡಿನ ಮನುಷ್ಯನ ಮುಖ ನೋಡುತ್ತಾನೆ. ಬಿಡಬೇಡ, ಈ ಹುಡುಗ ಸೋಲುವ ಜಾತಿ ಎಂಬ ಅರ್ಥದ ಮಾತು ಬರ್ಟ್‌ನಿಂದ ಬರುತ್ತದೆ. ಫ್ಯಾಟ್ಸ್ ಎದ್ದು ಹೋಗಿ ಮುಖ ತೊಳೆದು, ಕೈಗೆ ಪೌಡರ್ ಹಚ್ಚಿ, ಕೋಟು ತೊಟ್ಟು, ಈಗಷ್ಟೇ ಮನೆಯಿಂದ ಬಂದವನಂತೆ ಮೇಜಿನ ಮುಂದೆ ನಿಲ್ಲುತ್ತಾನೆ. ಎಡ್ಡಿ ಅಮಲಿನಲ್ಲಿ ನಗುತ್ತಾನೆ. ಫ್ಯಾಟ್ಸ್ ಮಾಡಿದ್ದು ಇಷ್ಟೇ, ಇಪ್ಪತ್ತೈದು ಗಂಟೆಯ ಆಟವನ್ನು ಎರಡಾಗಿ ಕತ್ತರಿಸಿದ. ಎಡ್ಡಿ ಇನ್ನೂ ನಿನ್ನೆಯ ಆಟ ಆಡುತ್ತಿದ್ದಾನೆ, ಫ್ಯಾಟ್ಸ್ ಇವತ್ತಿನದನ್ನು ಶುರು ಮಾಡುತ್ತಿದ್ದಾನೆ. ಎಲ್ಲ ಮುಗಿದಾಗ ಎಡ್ಡಿಯಲ್ಲಿ ಉಳಿಯುವುದು 200 ಡಾಲರ್.

ಈ ದೃಶ್ಯದಿಂದ ಸಾಮಾನ್ಯವಾಗಿ ಹೊರಡುವ ನೀತಿ ಬರ್ಟ್ ಹೇಳುವ ನೀತಿಯೇ: ಪ್ರತಿಭೆ ಸಾಲದು, ಗೆಲ್ಲಲು ಗಟ್ಟಿ ಗುಣ ಬೇಕು. ನಮ್ಮ ವ್ಯಕ್ತಿತ್ವ ವಿಕಸನದ ಭಾಷಣಗಳಲ್ಲೂ ಕೋಚಿಂಗ್ ಸೆಂಟರಿನ ಗೋಡೆಗಳ ಮೇಲೂ ಈ ತತ್ವವನ್ನು ಬೇರೆ ಬೇರೆ ಮಾತುಗಳಲ್ಲಿ ಕಂಡಿದ್ದೇವೆ. ಆದರೆ ಈ ಮಾತನ್ನು ಹೇಳುತ್ತಿರುವವನು ಯಾರು ಎಂದು ಕೇಳದೆ ಚಿತ್ರವನ್ನು ಓದಲಾಗದು. ಬರ್ಟ್ ಕೋಲು ಮುಟ್ಟುವುದಿಲ್ಲ. ಆಡುವವರ ಮೇಲೆ ದುಡ್ಡು ಹಾಕುತ್ತಾನೆ. ಮುಂದೆ ಎಡ್ಡಿಗೆ ಬಂಡವಾಳ ಕೊಡಲು ಬಂದಾಗ ಗೆಲುವಿನಲ್ಲಿ ನೂರಕ್ಕೆ ಎಪ್ಪತ್ತೈದು ತನಗೆ ಎನ್ನುತ್ತಾನೆ. ಹೀಗಿರುವಾಗ ‘ಸೋಲುವವನು’ ಎಂಬ ಅವನ ಪದ ಎಡ್ಡಿಯ ಮನಸ್ಸಿನ ಬಗೆಗಿನ ಅಧ್ಯಯನ ಹೇಗಾದೀತು? ಅದು ದರ ಇಳಿಸಿ ಕೊಳ್ಳುವವನ ಮಾತು. ಸಂತೆಯಲ್ಲಿ ಹೋರಿಯ ಹಲ್ಲು ನೋಡಿ ಮೂಗು ಮುರಿಯುವವನೇ ಸಂಜೆ ಅದನ್ನು ಹೊಡೆದುಕೊಂಡು ಹೋಗುತ್ತಾನೆ.

ಇಲ್ಲಿ ಭಾರತದ ದ್ಯೂತ ನೆನಪಾಗದೆ ಇರದು. ಆ ಸಭೆಯಲ್ಲೂ ದಾಳ ಉರುಳಿಸುವವನು ಶಕುನಿ, ಪಣ ಕಟ್ಟುವವನು ದುರ್ಯೋಧನ. ಎದುರಿಗೆ ಕೂತ ಧರ್ಮರಾಯ ಕರೆದರೆ ಒಲ್ಲೆನೆನ್ನಬಾರದು ಎಂಬ ಕಟ್ಟಿಗೆ ಬಿದ್ದವನು, ಅವನಿಗೂ ಆಟದ ಕೊನೆ ತನ್ನ ಕೈಯಲ್ಲಿಲ್ಲ. ವನಪರ್ವದಲ್ಲಿ ಬೃಹದಶ್ವ ಮುನಿ ಅವನಿಗೆ ನಳನ ಕತೆ ಹೇಳುತ್ತಾನೆ. ಕನಕದಾಸರ ‘ನಳಚರಿತ್ರೆ’ಯಿಂದ ಕನ್ನಡಿಗರಿಗೆ ಆಪ್ತವಾದ ಕತೆ ಅದು. ನಳ ಋತುಪರ್ಣನಿಂದ ಅಕ್ಷಹೃದಯ ಕಲಿತು, ಕಲಿಯಿಂದ ಬಿಡುಗಡೆ ಹೊಂದಿ, ಪುಷ್ಕರನ ಮುಂದೆ ಮತ್ತೆ ಕೂತು ಕಳೆದದ್ದನ್ನು ಗೆಲ್ಲುತ್ತಾನೆ. ಇದು ಜೂಜುಗಾರ ತಾನೇ ಕಲಿತು ತಿರುಗಿಸಿದ ಆಟ. ಬರ್ಟ್‌ನ ಸಿದ್ಧಾಂತಕ್ಕೆ ಹೊಂದುವ ಕತೆ.

ಆದರೆ ಸಭಾಪರ್ವದ ತಿರುವು ಬೇರೆ ಬಗೆಯದು. ಅಲ್ಲಿ ಓಟವನ್ನು ನಿಲ್ಲಿಸಿದವಳು ಆಡಿದವಳಲ್ಲ, ಪಣವಾಗಿ ಇಡಲ್ಪಟ್ಟವಳು. ತನ್ನನ್ನು ತಾನು ಮೊದಲೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕಿತ್ತೇ ಎಂಬ ದ್ರೌಪದಿಯ ಪ್ರಶ್ನೆಗೆ ಭೀಷ್ಮನಲ್ಲೂ ಉತ್ತರವಿರಲಿಲ್ಲ. ಕೊನೆಗೆ ಧೃತರಾಷ್ಟ್ರ ವರ ಕೊಟ್ಟ, ಗಂಡಂದಿರು ಬಿಡುಗಡೆಯಾದರು, ಸೋತದ್ದೆಲ್ಲ ಮರಳಿತು. ಅನುದ್ಯೂತದಲ್ಲಿ ಧರ್ಮರಾಯ ಅದನ್ನು ಮತ್ತೆ ಕಳೆದುಕೊಂಡ, ಆ ಮಾತು ಬೇರೆ. ಒಂದು ಗಳಿಗೆಯಾದರೂ ಆಟದ ನಿಯಮವನ್ನೇ ಪ್ರಶ್ನಿಸುವ ದನಿ ಆಟವನ್ನು ತಿರುಗಿಸಿತ್ತು.

‘ದಿ ಹಸ್ಲರ್’ನಲ್ಲಿ ಆ ಜಾಗದಲ್ಲಿ ಇರುವವಳು ಸಾರಾ (ಪೈಪರ್ ಲಾರಿ). ಕಾಲು ಕುಂಟುವ, ಕುಡಿಯುವ, ಬರೆಯುವ, ಎಡ್ಡಿಯನ್ನು ಪ್ರೀತಿಸುವ ಹೆಂಗಸು. ಲೂಯಿವಿಲ್ಲಿನ ಶ್ರೀಮಂತ ಫಿಂಡ್ಲೆಯ ಮನೆಯಲ್ಲಿ ಎಡ್ಡಿ ಎರಡನೇ ಸಲ ಓಟ ತಿರುಗಿಸುತ್ತಾನೆ. ಅಲ್ಲಿ ಆಡುವುದು ಕಿಂಡಿಗಳೇ ಇಲ್ಲದ ಬಿಲಿಯರ್ಡ್ಸ್, ಅವನ ಆಟವಲ್ಲ. ಮೊದಲು ಸೋಲುತ್ತಾನೆ, ಬರ್ಟ್ ಮುಂದೆ ದುಡ್ಡಿಗೆ ಅಂಗಲಾಚುತ್ತಾನೆ, ಕೊನೆಗೆ 12,000 ಡಾಲರ್ ಗೆಲ್ಲುತ್ತಾನೆ. ಇದು ಬರ್ಟ್ ಕಲಿಸಿದ ಗೆಲುವು. ಬಿಟ್ಟು ಹೊರಡು ಎಂದು ಬೇಡುವ ಸಾರಾಳನ್ನು ಎಡ್ಡಿ ತಳ್ಳಿಹಾಕುತ್ತಾನೆ. ಅದೇ ರಾತ್ರಿ, ಬರ್ಟ್‌ನ ಕೈಗೆ ಸಿಕ್ಕ ನಂತರ, ಅವಳು ಹೋಟೆಲಿನ ಬಚ್ಚಲಿನ ಕನ್ನಡಿಯ ಮೇಲೆ ಮೂರು ಪದ ಬರೆದು ಸಾಯುತ್ತಾಳೆ. ದ್ರೌಪದಿಗೆ ಸಿಕ್ಕ ಸಭೆ ಸಾರಾಳಿಗೆ ಸಿಗುವುದಿಲ್ಲ.

ಚಿತ್ರದ ದೊಡ್ಡ ತೊಡಕು ಇಲ್ಲಿದೆ. ಟೆವಿಸ್ ಕಾದಂಬರಿಯಲ್ಲಿ ಸಾರಾ ಸಾಯುವುದಿಲ್ಲ. ಈ ಸಾವು ರಾಸನ್ ಮತ್ತು ಸಹಲೇಖಕ ಸಿಡ್ನಿ ಕ್ಯಾರಲ್ ಸೇರಿಸಿದ್ದು. ಒಬ್ಬ ಗಂಡಸಿಗೆ ‘ಗುಣ’ ಬರಲಿ ಎಂದು ಒಬ್ಬ ಹೆಂಗಸನ್ನು ಬಲಿ ಕೊಡುವುದು ಕತೆಗಾರರಿಗೆ ಒದಗುವ ಸುಲಭ ದಾರಿ. ಇಲ್ಲಿ ಕತೆಯೂ ಬರ್ಟ್‌ನಂತೆಯೇ ಲೆಕ್ಕ ಹಾಕಿತಲ್ಲ ಎಂದು ಕಸಿವಿಸಿಯಾಗುತ್ತದೆ. ಆ ಕಸಿವಿಸಿಯನ್ನು ಚಿತ್ರದ ಮೇಲಿನ ಮೆಚ್ಚುಗೆಯಲ್ಲಿ ಕರಗಿಸಿಬಿಡಬಾರದು.

ಆದರೂ ಕೊನೆಯ ದೃಶ್ಯ ಆ ಸಾಲವನ್ನು ಬಲ್ಲದು. ಎಡ್ಡಿ ಮತ್ತೆ ಏಮ್ಸ್‌ಗೆ ಬರುತ್ತಾನೆ. ತನ್ನಲ್ಲಿದ್ದ 3,000 ಡಾಲರನ್ನೂ ಒಂದೇ ಆಟಕ್ಕೆ ಇಡುತ್ತಾನೆ. ಈ ಸಲ ಏರಿಳಿತವಿಲ್ಲ, ಅವನು ಸುಮ್ಮನೆ ಹಾಕುತ್ತಲೇ ಹೋಗುತ್ತಾನೆ. ತನ್ನಿಂದಾಗದು ಎಂದು ಫ್ಯಾಟ್ಸ್ ಆಟ ಬಿಡುತ್ತಾನೆ. ಮೊದಲ ಸಲ ಎಡ್ಡಿ ಹಂಬಲಿಸಿದ್ದ ಮಾತು ಈಗ ಸಿಕ್ಕಿದೆ, ಆದರೆ ಅವನಿಗೀಗ ಅದರ ಹಸಿವಿಲ್ಲ. ಫ್ಯಾಟ್ಸ್ ಸೋತಾಗಲೂ ನಿಲ್ಲಿಸಲು ಬಲ್ಲವನು. ಅದರಿಂದಲೇ ಅವನು ಉಳಿದಿದ್ದಾನೆ. ಬರ್ಟ್‌ನ ಪಕ್ಕದ ಕುರ್ಚಿಯಲ್ಲಿ ಬಾಯಿ ಮುಚ್ಚಿ ಕೂರುವ ಬೆಲೆ ತೆತ್ತು ಉಳಿದಿದ್ದಾನೆ ಎನ್ನುವುದನ್ನೂ ಗ್ಲೀಸನ್ ಒಂದು ಮಾತಿಲ್ಲದೆ ಮುಖದಲ್ಲೇ ಹೇಳುತ್ತಾನೆ.

ಆಮೇಲೆ ಬರ್ಟ್ ತನ್ನ ಪಾಲು ಕೇಳುತ್ತಾನೆ, ಕೊಡದಿದ್ದರೆ ಹೊಡೆಸುವುದಾಗಿ ಬೆದರಿಸುತ್ತಾನೆ. ಎಡ್ಡಿ ಕೊಡುವುದಿಲ್ಲ. ಸಾರಾಳನ್ನು ಒಂದು ಪೂಲ್ ಆಟಕ್ಕೆ ಮಾರಿಕೊಂಡೆ ಎಂದು ತುಂಬಿದ ಹಾಲಿನಲ್ಲಿ ಹೇಳುತ್ತಾನೆ. ಸಭೆ ಈಗ ಸೇರಿದೆ, ಪ್ರಶ್ನೆ ಕೇಳಬೇಕಾದವಳು ಇಲ್ಲ. ಬರ್ಟ್ ಪಾಲು ಬಿಡುತ್ತಾನೆ, ಆದರೆ ಇನ್ನು ಯಾವ ದೊಡ್ಡ ಪೂಲ್ ಹಾಲಿಗೂ ಕಾಲಿಡಬೇಡ ಎನ್ನುತ್ತಾನೆ. ಎಡ್ಡಿ ಕೋಲು ಹಿಡಿದು ಹೊರಗೆ ನಡೆಯುತ್ತಾನೆ.

ಮೊದಲ ರಾತ್ರಿ ಆಟ ನಿಲ್ಲಿಸುವ ಹಕ್ಕನ್ನು ಬಿಟ್ಟುಕೊಟ್ಟವನು ಈಗ ಅದನ್ನು ಹಿಂದಕ್ಕೆ ಪಡೆದಿದ್ದಾನೆ. ಅದಕ್ಕೆ ತೆತ್ತದ್ದು ತಾನು ಎಲ್ಲಕ್ಕಿಂತ ಚೆನ್ನಾಗಿ ಬಲ್ಲ ಕೆಲಸವನ್ನೇ, ಮತ್ತು ತನ್ನದಲ್ಲದ ಒಂದು ಜೀವವನ್ನು. ಮುಂದಿನ ಸಲ ಯಾರಾದರೂ ಯಾರನ್ನಾದರೂ ‘ಗೆಲ್ಲುವವ’, ‘ಸೋಲುವವ’ ಎಂದು ಕರೆದಾಗ ನಾವು ಕೇಳಬೇಕಾದದ್ದು, ಹಾಗೆನ್ನುವವರ ದುಡ್ಡು ಯಾರ ಮೇಲಿದೆ ಎಂಬುದನ್ನು.